ಷಡ್ಕನ ಲೈಸೆನ್ಸು ಸಸ್ಪೆಂಡು, ನಾನು ಡ್ರೈವರು

ನೋಡ್ರಪ್ಪಾ ನನ್ನ ಹಣೆಬರಾನ! ಗಾಡಿ ಓಡಿಸ್ತಾ ಫೋನಲ್ಲಿ ಮಾತಾಡಿ ಮತ್ತೆ ಮತ್ತೆ ಸಿಕ್ಕಿಬಿದ್ದ ನನ್ನ ಷಡ್ಕನ ಲೈಸೆನ್ಸು ಮೂರು ತಿಂಗಳು ಸಸ್ಪೆಂಡು. ಸುದ್ದಿ ಕೇಳಿ ಒಳಗೊಳಗೇ ಕುಣಿದಿದ್ದೆ. ಅವನ ಹೊಸ ಕಾರು ನೋಡಿದಾಗಿಂದ ಹೊಟ್ಟೆ ಉರೀತಿತ್ತಲ್ಲ!

ಇವತ್ತು ಗುಂಡ್ಲುಪೇಟೆಯ ಅತ್ತೆ ಮನೇಲಿ ಊಟ. ಅತ್ತೆ ಅವನೆಲೆಗೆ ತುಪ್ಪ ಸುರಿದು ನನ್ ಕಡೆ ತಿರುಗಿ, "ಪಾಪ, ಸೊರಗೋಗವ್ರೆ. ಚಾಮರಾಜನಗರದ ಗಂಟ ಅವ್ರ ಕಾರ ನೀವೇ ಓಡ್ಸಿ" ಅಂದ್ರು.

ಓಡಿಸಿದೆ. ಅವನು ಹಿಂದೆ ಕಾಲು ಚಾಚ್ಕೊಂಡು ದಾರಿಯುದ್ದಕ್ಕೂ ಫೋನಲ್ಲೇ ಇದ್ದ. ಈಗ ಯಾವ ಪೊಲೀಸೂ ಹಿಡಿಯಂಗಿಲ್ಲ!

ತೆರಕಣಾಂಬೀಲಿ ಟೀಗೆ ನಿಲ್ಲಿಸಿದ್ರೆ ನನ್ನ ಹಳೇ ಸ್ನೇಹಿತ ಸಿಕ್ಕಿ ಕೇಳ್ದ: "ಏನ್ಲಾ, ಯಾವಾಗ್ಲಿಂದ ಇವ್ರತ್ರ ಡ್ರೈವರ್ ಕೆಲ್ಸಕ್ಕೆ ಸೇರ್ಕಂಡೆ?"

ಒಂದು ದಂಡಾನೂ ಬೀಳದ ನನ್ನ ಲೈಸೆನ್ಸನ್ನೂ ಯಾರಾದ್ರೂ ಕಿತ್ಕೊಳ್ರಪ್ಪಾ. ಆ ಹಿಂದಿನ ಸೀಟಲ್ಲಿ ನಾನೂ ಒಂದ್ಸಲ ಕೂತ್ಕೋಬೇಕು.