ಕಡಲೆಬೇಳೆ ತಿನ್ನದ ಮೀನು

ನಾನು ಬಾಡಿಗೆಗಿದ್ದ ಮನೆಯ ಯಜಮಾನರ ಮೂಗಿನ ತುದಿ ಚಪ್ಪಟೆಯಾಗಿತ್ತು. ಹುಟ್ಟಿನಿಂದ ಬಂದದ್ದಲ್ಲ. ಅಂಗಡಿಗೆ ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ, ಅವರು ನಡುಮನೆಯ ಗಾಜಿನ ತೊಟ್ಟಿಗೆ ಮೂಗೊತ್ತಿಕೊಂಡು ಅರ್ಧ ಗಂಟೆ ಕೂರುತ್ತಿದ್ದರು. ಎದ್ದಾಗ ಮೂಗಿನ ಮೇಲೆ ನಾಲ್ಕಾಣೆಯಗಲದ ಬಿಳಿ ಗುರುತು. "ಮೂಗು ಒಳಗೇ ಬಿಟ್ಬಂದ್ರಾ?" ಎಂದು ಅವರ ಹೆಂಡತಿ ಅಮ್ಮಾವರು ಕೇಳುವುದು, ಇವರು ಮುಟ್ಟಿ ನೋಡಿಕೊಳ್ಳುವುದು, ಇದು ದಿನಾ ನಡೆಯುವ ಪೂಜೆ.

ಚನ್ನರಾಯಪಟ್ಟಣದ ಪೇಟೆಬೀದಿಯಲ್ಲಿ ಅವರದ್ದು ಪಟಗಳಿಗೆ ಕಟ್ಟು ಹಾಕುವ ಅಂಗಡಿ. ತೊಟ್ಟಿಯನ್ನು ಅಂಗಡಿಯಲ್ಲಿ ಮಿಕ್ಕ ಗಾಜಿನಿಂದ ತಾವೇ ಮಾಡಿದ್ದರು. ಮೊದಲ ಎರಡು ತೊಟ್ಟಿಗಳು ನಡುಮನೆಯಲ್ಲೇ ಒಡೆದು, ಎರಡು ಸಲವೂ ಅಮ್ಮಾವರ ಹಪ್ಪಳದ ಡಬ್ಬಿಗೆ ನೀರು ನುಗ್ಗಿತ್ತು. ಮೂರನೆಯದು ನಿಂತಿತು. ಅವರಿಗೆ ಪ್ರೀತಿ ಇದ್ದದ್ದು ಮೀನಿನ ಮೇಲಲ್ಲ, ನೀರಿನ ಗಿಡಗಳ ಮೇಲೆ. ಕೆರೆಯಿಂದ ತಂದ ರಿಬ್ಬನ್ನಿನಂಥ ಹುಲ್ಲು, ಕೂದಲಿನಂಥ ಎಳೆ, ಎಲ್ಲವನ್ನೂ ಹೊಳೆಮರಳಿನಲ್ಲಿ ನೆಟ್ಟು ಬೆಳೆಸಿದ್ದರು. "ಗಿಡ ನೆಲದ ಮೇಲೆ ಬೆಳೆಯೋದ್ ಎಲ್ರೂ ನೋಡಿದಾರೆ ಮೇಷ್ಟ್ರೆ" ಎನ್ನುತ್ತಿದ್ದರು, ನೀರೊಳಗೆ ಬೆಳೆಯುವುದನ್ನು ತಾವೇ ಕಂಡುಹಿಡಿದ ಹಾಗೆ.

ನಾನು ಆ ಊರಿನ ಹೈಸ್ಕೂಲಿಗೆ ಗಣಿತದ ಮೇಷ್ಟ್ರಾಗಿ ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ನಮ್ಮದು ಅರಕಲಗೂಡಿನ ಕಡೆ, ಹೇಮಾವತಿ ದಂಡೆಯ ಹಳ್ಳಿ. ನಮ್ಮ ಮನೆಯಲ್ಲಿ ಭಾನುವಾರ ಮೀನಿಲ್ಲವೆಂದರೆ ಯಾರಿಗೋ ಜ್ವರ ಬಂದಿದೆ ಎಂದೇ ಅರ್ಥ. ಯಜಮಾನರು ಜೈನರು. ಹೊರಕೋಣೆ ಕೇಳಲು ಹೋದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಊಟ ಏನು?" ಅದಾಗಲೇ ನಾಲ್ಕು ಮನೆಗಳಲ್ಲಿ ಇದೇ ಪ್ರಶ್ನೆಗೆ ನಿಜ ಹೇಳಿ ವಾಪಸು ಬಂದಿದ್ದೆ. ಮನೆ ಬೇಕೇಬೇಕಿತ್ತು. ನಮ್ಮೂರಿನಲ್ಲಿ ಓದು ಮಿಡ್ಲ್ ಸ್ಕೂಲಿಗೇ ನಿಲ್ಲುತ್ತಿತ್ತು. ಬರುವ ಜೂನಿಗೆ ನನ್ನ ತಂಗಿಯನ್ನು ಕರೆತಂದು ಹೈಸ್ಕೂಲಿಗೆ ಸೇರಿಸುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದೆ. ನನಗೆ ಮನೆ ಸಿಗದಿದ್ದರೆ ಅವಳನ್ನು ಮದುವೆ ಮಾಡಿ ಕಳಿಸುವುದೆಂದು ಅಪ್ಪ ಗಂಡನ್ನೂ ನೋಡಿಟ್ಟಿದ್ದ.

"ಸಸ್ಯಾಹಾರಿ" ಎಂದೆ. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಸುಳ್ಳು ಹೇಳುವವನಿಗೆ ಸುಳ್ಳಿನ ಮೇಲೊಂದು ಒಗ್ಗರಣೆ ಹಾಕುವ ಚಟ. "ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟಲ್ಲ" ಎಂದುಬಿಟ್ಟೆ. ಅಮ್ಮಾವರು ಕರಗಿಹೋದರು. "ಅಯ್ಯೋ, ಇಂಥೋರು ಒಬ್ರೇ ಏನ್ ಬೇಯಿಸ್ಕೊತೀರಾ? ನಮ್ಮಲ್ಲೇ ಉಣ್ಣಿ" ಎಂದರು. ಅವರಲ್ಲಿ ರಾತ್ರಿಯೂಟ ಹೊತ್ತು ಮುಳುಗುವ ಮುಂಚೆಯೇ ಮುಗಿಯಬೇಕು. ಅಂದಿನಿಂದ ಸಂಜೆ ಗಂಟೆ ಹೊಡೆದ ತಕ್ಷಣ ಮಕ್ಕಳನ್ನೂ ಹಿಂದೆ ಹಾಕಿ ಗೇಟು ದಾಟುವವನು ನಾನೇ. ಕರ್ತವ್ಯನಿಷ್ಠೆ ಸಾಲದೆಂದು ಹೆಡ್‌ಮಾಸ್ತರರು ಎರಡು ಸಲ ಕರೆದು ಹೇಳಿದರು. ಹಸಿವಿನ ನಿಷ್ಠೆ ಅವರಿಗೆ ಹೇಗೆ ಗೊತ್ತಾಗಬೇಕು?

ಇಷ್ಟರಲ್ಲಿ ತೊಟ್ಟಿಗೆ ಒಂದು ಕಷ್ಟ ಬಂತು. ಅದರಲ್ಲಿ ಸೊಳ್ಳೆ ಮರಿಯಾಗುತ್ತದೆಂದು ಮಲೇರಿಯಾದವರು ತಕರಾರು ತೆಗೆದು, ಸೊಳ್ಳೆಮರಿ ತಿನ್ನಲೆಂದು ಬಾವಿಗೆ ಬಿಡುವ ಸಣ್ಣ ಮೀನುಗಳನ್ನು ನಾಲ್ಕು ಬಿಟ್ಟು ಹೋಗಿದ್ದರು. ನಾಲ್ಕು ನಲವತ್ತಾಯಿತು, ನಲವತ್ತು ನಾನೂರಾಯಿತು. ನೀರು ಕದಡಿತು, ಎಳೆ ಚಿಗುರೆಲ್ಲ ಹೊಲಸಿನಿಂದ ಕಪ್ಪಾಯಿತು. ಯಜಮಾನರು ಅವನ್ನು ಚೆಲ್ಲಲಾರರು, ಕೊಲ್ಲಲಾರರು. ಕೊನೆಗೆ ಒಂದು ಉಪಾಯ ಹೊಳೆಯಿತು: ನಮ್ಮ ಕೆರೆ ಹೊಳೆಯದ್ದೇ ಆದ ಒಂದು ಬೇಟೆ ಮೀನು ತಂದು ಬಿಡುವುದು.

"ಮಾಡೋದು, ಮಾಡಿಸೋದು, ಮಾಡಿದ್ದಕ್ಕೆ ಒಪ್ಪೋದು, ಮೂರೂ ಒಂದೇ ಪಾಪ" ಎಂದರು ಅಮ್ಮಾವರು. "ಕೊಲ್ಲೋರನ್ನ ಕರ್ಕೊಂಬಂದು ನಡುಮನೇಲಿ ಕೂರಿಸ್ತೀನಿ ಅಂತೀರಲ್ಲ!"

"ಕೊಲ್ಲೋದಕ್ಕಲ್ಲ ಕಣೇ, ಹೆದರಿಸೋದಕ್ಕೆ. ಪೊಲೀಸ್ನೋನು ಬೀದೀಲಿ ನಿಂತ್ರೆ ಸಾಕಲ್ವ? ಎಲ್ರಿಗೂ ಹೊಡೀಬೇಕಾ? ಹೊಟ್ಟೆ ತುಂಬ ಕಡ್ಲೆಬೇಳೆ ಹಾಕಿಟ್ರೆ ಅದ್ಯಾಕೆ ಇನ್ನೊಂದನ್ನ ತಿನ್ನುತ್ತೆ?"

ಹೀಗೆ ಹುಡುಕಾಟ ಶುರುವಾಯಿತು. ಮೀನಿಗೆ ಇರಬೇಕಾದ ಲಕ್ಷಣಗಳು: ನೋಡಲು ಭಯಂಕರವಾಗಿರಬೇಕು, ಸ್ವಭಾವ ಸೌಮ್ಯವಾಗಿರಬೇಕು, ಗಿಡ ಕೀಳಬಾರದು, ತೊಟ್ಟಿಯಿಂದ ಹಾರಬಾರದು, ನೆನೆಸಿದ ಕಡಲೆಬೇಳೆ ತಿನ್ನಬೇಕು. ಇಂಥ ಗಂಡು ಮನುಷ್ಯರಲ್ಲೂ ಸಿಗುವುದಿಲ್ಲ. ಆದರೂ ಪ್ರತಿ ಭಾನುವಾರ ಬೆಳಿಗ್ಗೆ ಕೆರೆಯಲ್ಲಿ ಬಲೆ ಬಿಡುವ ಮುದುಕನೊಬ್ಬ ಮಡಕೆಯಲ್ಲಿ ಒಂದೊಂದು ವರ ತಂದು ಜಗಲಿಯ ಮೇಲೆ ಇಡುತ್ತಿದ್ದ. ಯಜಮಾನರು ಚಾಪೆ ಹಾಸಿಕೊಂಡು ಕೂತು ವಿಚಾರಿಸುತ್ತಿದ್ದರು. ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು, ಓದಿದವನೆಂದು.

ಮೊದಲು ಬಂದದ್ದು ಬಾಳೆ ಮೀನಿನ ಮರಿ. "ಬಾಯ್ ನೋಡಿ ಸಾ, ಎಂಗೈತೆ! ಒಳ್ಳೆ ಚೀಲ ಕಣ್ ಸಾ" ಎಂದ ಮುದುಕ. ಅದು ವರ್ಷದೊಳಗೆ ತೊಟ್ಟಿಗಿಂತ ಉದ್ದವಾಗುತ್ತದೆಂದು ನಾನು ಬೇಡವೆಂದೆ. ಮುಂದಿನ ವಾರ ಹಾವುಮೀನು. ಅದು ಮಡಕೆಯ ತಳ ಕೆದಕುವುದನ್ನು ನೋಡಿಯೇ ಯಜಮಾನರು ತಮ್ಮ ಗಿಡಗಳನ್ನು ನೆನೆದು ಎದ್ದುಹೋದರು. ಚೇಳುಮೀನು ಬಂದ ದಿನ ಅದು ಮುದುಕನ ಬೆರಳಿಗೇ ಚುಚ್ಚಿ, ಅಮ್ಮಾವರು ಅರಿಸಿನ ಅರೆಯಬೇಕಾಯಿತು. ನಾಲ್ಕನೆಯದು ಕುಚ್ಚು ಮೀನು. ಹಾವಿನಂಥ ತಲೆ, ಮೈಯೆಲ್ಲ ಮಿಂಚು. ಯಜಮಾನರಿಗೆ ಬಹಳ ಹಿಡಿಸಿತು.

"ಇದು ಬೇಡ ಸಾರ್, ಮುಚ್ಚಳ ಹಾಕಿದ್ರೂ ಎತ್ತಿ ಹಾರುತ್ತೆ" ಎಂದೆ. ಅಲ್ಲಿಗೇ ನಿಲ್ಲಿಸಬಾರದೇ? "ಹಾರೋದೊಂದು ಬಿಟ್ರೆ ಒಳ್ಳೆ ಮೀನು. ನಡುಮುಳ್ಳು ಒಂದೇ, ಬಾಯಿಗೆ ಸಣ್ಣ ಮುಳ್ಳು ಸಿಗಲ್ಲ" ಎಂದುಬಿಟ್ಟೆ.

ಯಜಮಾನರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಮುದುಕ ಬೇರೆ, "ನಮ್ ಮೇಷ್ಟ್ರಿಗೆ ಎಲ್ಲ ಗೊತ್ತು ಕಣ್ ಸಾ" ಎಂದು ಹಲ್ಲು ಕಿರಿದ.

"ಪುಸ್ತಕದಲ್ಲಿ ಓದಿದ್ದೆ" ಎಂದೆ.

"ಗಣಿತದ ಪುಸ್ತಕದಲ್ಲಾ?" ಎಂದು ಬಾಗಿಲಲ್ಲಿ ನಿಂತಿದ್ದ ಅಮ್ಮಾವರು ಕೇಳಿದರು.

ಐದನೆಯ ಭಾನುವಾರ ಬಂದದ್ದು ಅಂಗೈಯಷ್ಟಿದ್ದ ಒಂದು ಕಂದು ಮೀನು. ನಮ್ಮೂರಲ್ಲಿ ಅದನ್ನು ಎಲೆಮೀನು ಎನ್ನುತ್ತಿದ್ದೆವು. ಗಿಡದ ನಡುವೆ ನಿಂತರೆ ಒಣಗಿದ ಎಲೆಯೇ. ತೊಟ್ಟಿಗೆ ಬಿಟ್ಟಾಗ ಅದು ಹುಲ್ಲಿನ ಮರೆಗೆ ಹೋಗಿ, ತಲೆ ಕೆಳಗೆ ವಾಲಿಸಿ, ಕದಲದೆ ನಿಂತಿತು. ಒಂದು ಎಲೆ ಕೂಡ ಅಲ್ಲಾಡಲಿಲ್ಲ. ಯಜಮಾನರ ಕಣ್ಣಲ್ಲಿ ನೀರು ಬಂತು. "ನೋಡ್ರಿ ಮೇಷ್ಟ್ರೆ, ಎಂಥ ಶಾಂತಿ! ಇದು ಸಾಧು."

ಅದರ ಬಕಧ್ಯಾನ ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಗಿಡದ ತೊಟ್ಟಿಗೆ ಅದಕ್ಕಿಂತ ಒಳ್ಳೆಯ ಬೇಟೆ ಮೀನಿಲ್ಲ, ಅದೂ ನಿಜವೇ. ಆದರೆ ಅದು ತಿನ್ನುವುದು ಜೀವಂತ ಮೀನನ್ನು ಮಾತ್ರ. ಹೇಳಿದರೆ ನಿಮಗೆ ಹೇಗೆ ಗೊತ್ತೆಂದು ಕೇಳುತ್ತಾರೆ. ಜೂನಿಗೆ ಇನ್ನು ಎರಡೇ ತಿಂಗಳು. ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಯಜಮಾನರು ದಿನಾ ಬೆಳಿಗ್ಗೆ ನೆನೆಸಿದ ಕಡಲೆಬೇಳೆಯನ್ನು ಅರೆದು ಹಾಕಿದರು. ಹಾಕಿದ್ದು ಸಂಜೆಗೆ ಮಾಯವಾಗುತ್ತಿತ್ತು, ಏಕೆಂದರೆ ಸಣ್ಣ ಮೀನುಗಳು ಅದನ್ನು ತಿನ್ನುತ್ತಿದ್ದವು. ಸಣ್ಣ ಮೀನುಗಳೂ ದಿನಾ ಮಾಯವಾಗುತ್ತಿದ್ದವು, ಏಕೆಂದರೆ ಅವನ್ನು ಸಾಧು ತಿನ್ನುತ್ತಿತ್ತು. ನೀರು ತಿಳಿಯಾಯಿತು, ಹುಲ್ಲು ಚಿಗುರಿತು. "ನೋಡಿದ್ರಾ? ಭಯಕ್ಕೇ ಸಂತಾನ ಕಮ್ಮಿಯಾಗ್ತಾ ಇದೆ" ಎಂದು ಯಜಮಾನರು ಅಂಗಡಿಗೆ ಬಂದವರಿಗೆಲ್ಲ ಹೇಳಿದರು. ಶ್ರವಣಬೆಳಗೊಳದಿಂದ ಅವರ ನೆಂಟರು ಬಂದು ಕಡಲೆಬೇಳೆ ತಿನ್ನುವ ಬೇಟೆ ಮೀನನ್ನು ನೋಡಿ ಕೈಮುಗಿದು ಹೋದರು. ನಾನೂ ಪಕ್ಕದಲ್ಲಿ ನಿಂತು ತಲೆಯಾಡಿಸಿದೆ. ನಾಚಿಕೆಯಾಗುತ್ತಿತ್ತು, ನಿಜ ಹೇಳಬೇಕೆಂದರೆ. ಅವರು ಅಷ್ಟು ಸಂತೋಷವಾಗಿದ್ದರು.

ತಂಗಿ ಬರುವುದಕ್ಕೆ ಮೂರು ದಿನವಿತ್ತು. ಸಂಜೆ ಊಟ ಮುಗಿಸಿ ಯಜಮಾನರು ಮೂಗೊತ್ತಿ ಕೂತಿದ್ದರು. ಅವರ ಮೂಗಿನ ಎದುರಿಗೇ, ನಾಲ್ಕು ಬೆರಳು ದೂರದಲ್ಲಿ, ಸಾಧುವಿನ ಬಾಯಿ ಕೊಳವೆಯ ಹಾಗೆ ಮುಂದಕ್ಕೆ ಚಾಚಿತು. ಅಲ್ಲಿದ್ದ ಸಣ್ಣ ಮೀನು ಅಲ್ಲಿರಲಿಲ್ಲ. ಬಾಯಿ ಮುಚ್ಚಿತು. ಮತ್ತೆ ಧ್ಯಾನ.

ಯಜಮಾನರು ಹಿಂದಕ್ಕೆ ಬಿದ್ದರು. ನಾನು ಓಡಿ ಬಂದು ಎತ್ತಿ ಕೂರಿಸಿದೆ. ಅವರು ಮೂಗು ಮುಟ್ಟಿ ನೋಡಿಕೊಂಡರು. ಆಮೇಲೆ ಕೇಳಿದರು: "ಇದು ಹಿಂಗೆ ಅಂತ ನಿಮಗೆ ಗೊತ್ತಿತ್ತಲ್ವ ಮೇಷ್ಟ್ರೆ?"

"ಗೊತ್ತಿತ್ತು ಸಾರ್."

"ಹೆಂಗೆ?"

"ನಾವು ಹೊಳೆ ದಂಡೆಯವರು ಸಾರ್. ಚಿಕ್ಕಂದಿನಿಂದ ಹಿಡಿದಿದ್ದೀನಿ, ತಿಂದಿದ್ದೀನಿ. ಈಗ್ಲೂ ಊರಿಗೆ ಹೋದ್ರೆ ತಿಂತೀನಿ. ನಾಳೆ ಬೆಳಿಗ್ಗೆ ಕೋಣೆ ಖಾಲಿ ಮಾಡ್ತೀನಿ." ಹೇಳುತ್ತಿದ್ದ ಹಾಗೇ ತಂಗಿಯ ಟ್ರಂಕು ಕಣ್ಣ ಮುಂದೆ ಬಂತು. ಅದಕ್ಕೆ ಅವಳು ತಾನೇ ಬಣ್ಣ ಬಳಿದಿದ್ದಾಳೆಂದು ಅವ್ವ ಕಾಗದ ಬರೆಸಿದ್ದಳು.

"ನಡುಮುಳ್ಳು ಒಂದೇ ಅಂತ ಯಾವ ಪುಸ್ತಕದಲ್ಲೂ ಬರೆಯೋಲ್ಲ" ಎಂದರು ಯಜಮಾನರು. "ಅವತ್ತೇ ಗೊತ್ತಾಯ್ತು ನನಗೆ. ಇವಳಿಗೂ ಗೊತ್ತಾಯ್ತು."

"ಮುಂಚೇನೇ ಗೊತ್ತಿತ್ತು" ಎಂದರು ಅಮ್ಮಾವರು. "ಊರಿಂದ ಬಂದ ದಿನ ನಮ್ಮ ಸಪ್ಪೆ ಸಾರು ಬೇಡ ಬೇಡ ಅಂತಿದ್ರು."

ಯಜಮಾನರು ಎದ್ದು ತೊಟ್ಟಿಯ ಕಡೆ ಕೈ ತೋರಿಸಿದರು. "ಇದು ಸುಳ್ಳು ಹೇಳ್ಲಿಲ್ಲ ಮೇಷ್ಟ್ರೆ. ಅದರ ಪಾಡಿಗೆ ಅದಿತ್ತು. ಅದರ ಬಾಯಿಗೆ ಕಡ್ಲೆಬೇಳೆ ಇಟ್ಟೋನು ನಾನು. ನಿಮ್ಮ ಬಾಯಿಗೆ ಸುಳ್ಳು ಇಟ್ಟೋನೂ ನಾನೇ. ಊಟ ಏನು ಅಂತ ಬಾಗಿಲಲ್ಲೇ ನಿಲ್ಲಿಸಿ ಕೇಳಿದ್ರೆ ನೀವು ಇನ್ನೇನ್ ಹೇಳ್ತೀರಿ? ವ್ರತ ಹಿಡಿದಿರೋದು ನಾನು, ನೀವಲ್ಲ." ಮತ್ತೆ ತೊಟ್ಟಿಯ ಕಡೆ ತಿರುಗಿ, "ಮೀನು ಕೆರೆಗೆ ಹೋಗ್ಲಿ, ಅದು ಅದರ ಮನೆ" ಎಂದರು. ನಾನು ಗಂಟು ಕಟ್ಟಲೆಂದು ಕೋಣೆಯ ಕಡೆ ತಿರುಗಿದೆ. "ನಿಮ್ಮ ತಂಗಿ ಯಾವ ಬಸ್ಸಿಗೆ ಬರ್ತಾಳೆ? ಇವಳು ಅನ್ನಕ್ಕೆ ಇಡಬೇಕಲ್ಲ."

ಆಮೇಲೆ ಷರತ್ತುಗಳನ್ನೂ ಹೇಳಿದರು: ಆ ಅಡುಗೆ ಈ ಮನೆಯಲ್ಲಿ ಆಗಕೂಡದು, ತಿಂದು ಬಂದ ದಿನ ಸ್ನಾನ ಮಾಡದೆ ಒಳಗೆ ಬರಕೂಡದು. ಎರಡನ್ನೂ ನಾನು ಮೀರಲಿಲ್ಲ.

ಎಲೆಮೀನನ್ನು ಕೆರೆಗೆ ಬಿಟ್ಟು ಬಂದ ಮೇಲೆ ಸಣ್ಣ ಮೀನುಗಳು ಮತ್ತೆ ನಾನೂರಾದವು. ಯಜಮಾನರು ಕಟ್ಟು ಹಾಕಿದ ಪ್ರತಿ ಪಟದ ಜೊತೆಗೆ ಒಂದು ಸೀಸೆಯಲ್ಲಿ ಎರಡು ಮೀನು ಕೊಡತೊಡಗಿದರು. ಸತ್ತವರ ಫೋಟೋ ಒಯ್ಯಲು ಬಂದವರು ಅಳುತ್ತಲೇ ಇನ್ನೊಂದು ಕೈಯಲ್ಲಿ ಮೀನು ಹಿಡಿದುಕೊಂಡು ಹೋಗುತ್ತಿದ್ದರು. ನುಗ್ಗೇಹಳ್ಳಿಯವರೆಗಿನ ಬಾವಿಗಳಿಗೆಲ್ಲ ಅವು ತಲುಪಿದವು.

ತಂಗಿ ನಾಲ್ಕು ವರ್ಷ ಆ ಮನೆಯಲ್ಲಿ ಹೊತ್ತು ಮುಳುಗುವ ಮುಂಚೆ ಉಂಡು, ಆ ನಡುಮನೆಯಲ್ಲೇ ಕೂತು ಓದಿದಳು. ಹಾಸನದಲ್ಲಿ ಟ್ರೈನಿಂಗ್ ಮುಗಿಸಿ ಕಟ್ಟಾಯದ ಸ್ಕೂಲಿಗೆ ಟೀಚರಾದಳು.

ಅರವತ್ತರ ದಶಕದ ನಡುವೆ ಒಂದು ಬೆಳಿಗ್ಗೆ ಅಂಗಡಿಗೆ ಹೊರಟ ಯಜಮಾನರು ಚಪ್ಪಲಿ ಹಾಕಿಕೊಳ್ಳಲೆಂದು ಜಗಲಿಯ ಮೇಲೆ ಕೂತವರು ಏಳಲಿಲ್ಲ. ಮಕ್ಕಳಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೆಳಗೊಳದ ನೆಂಟರೆಲ್ಲ ಬಂದರು, ಕಟ್ಟಾಯದಿಂದ ತಂಗಿಯೂ ಬಂದಳು. ಚಟ್ಟ ಎತ್ತುವಾಗ ನಾನು ಅಂಗಳದ ಮೂಲೆಯಲ್ಲಿ ನಿಂತಿದ್ದೆ. ಮುಂದೆ ಹೋಗಲು ಧೈರ್ಯವಿಲ್ಲ, ಹಿಂದೆ ನಿಲ್ಲಲು ಮನಸ್ಸಿಲ್ಲ. ನೆಂಟರ ಹಿರಿಯರೊಬ್ಬರು ನನ್ನನ್ನು ನೋಡಿ, "ಇವರು ಯಾರ ಪೈಕಿ?" ಎಂದು ಕೇಳಿದರು. ನಾನು ಬಾಯಿ ತೆರೆದೆ. ಸುಳ್ಳೂ ಬರಲಿಲ್ಲ, ನಿಜವೂ ಬರಲಿಲ್ಲ.

"ನಮ್ಮ ಪೈಕಿ" ಎಂದರು ಒಳಗಿನಿಂದ ಅಮ್ಮಾವರು. "ಅವರು ಮುಂದಕ್ಕೆ ಬರ್ಲಿ, ದಾರಿ ಬಿಡಿ."

ದಾರಿ ಬಿಟ್ಟರು. ನಾನು ಹೋಗಿ ಹೆಗಲು ಕೊಟ್ಟೆ.