ರೆಕ್ಕೆಗೂ ಕೊಂಬಿಗೂ ನಡುವೆ ನಮ್ಮ ತಕ್ಕಡಿ

ನನ್ನ ಹೆಂಡತಿಯ ತಂಗಿಯನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ತಕ್ಕಡಿ ಎಂದು. ಅವಳು ಅಕ್ಕನಿಗೂ ತಮ್ಮನಿಗೂ ನಡುವೆ ಹುಟ್ಟಿದವಳು. ಅವರಿಬ್ಬರಿಗೂ ಹಣ್ಣಿನ ರಸ ಹಾಕಿಕೊಡುವ ಕೆಲಸ ಚಿಕ್ಕಂದಿನಲ್ಲಿ ಇವಳದಾಗಿತ್ತು. ಮೇಜಿನ ಮುಂದೆ ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ಎರಡು ಲೋಟಗಳ ಮಟ್ಟ ನೋಡಿ, ಇದರಿಂದ ಅದಕ್ಕೊಂದು ಹನಿ, ಅದರಿಂದ ಇದಕ್ಕರ್ಧ ಹನಿ ಬಗ್ಗಿಸುತ್ತಿದ್ದಳಂತೆ. "ಇವಳು ಸಮ ಮಾಡಿ ಮುಗಿಸೋ ಹೊತ್ತಿಗೆ ನಮ್ಮ ಬಾಯಾರಿಕೆನೇ ಹೋಗಿರ್ತಿತ್ತು" ಎಂದು ನನ್ನ ಹೆಂಡತಿ ಇಂದಿಗೂ ದೂರುತ್ತಾಳೆ.

ಇಂಥವಳು ನ್ಯಾಯಾಧೀಶೆ ಆಗಬೇಕಿತ್ತು. ಆದದ್ದು ಕಂಪ್ಯೂಟರ್ ಆಟಗಳ ಬ್ಯಾಲೆನ್ಸರ್. ಆ ಹುದ್ದೆಯ ಹೆಸರು ಕೇಳಿದ ನನ್ನ ಮಾವ, "ಸರ್ಕಸ್ ಸೇರ್ಕೊಂಡ್ಯಾ ಮಗಳೇ? ಹಗ್ಗದ ಕೆಳಗೆ ಬಲೆ ಇರುತ್ತೆ ತಾನೇ?" ಎಂದು ವಿಚಾರಿಸಿದ್ದರು.

ಬಲೆ ಇರಲಿಲ್ಲ. ಆಫೀಸು ಒಂದು ಚಪ್ಪಲಿ ಅಂಗಡಿಯ ಮೇಲಂತಸ್ತಿನಲ್ಲಿತ್ತು. ಹಿಂದೆ ಅದು ಅಂಗಡಿಯ ಗೋದಾಮಾಗಿದ್ದರಿಂದ ಕಪಾಟುಗಳ ಮೇಲೆ ಸೈಜಿನ ಚೀಟಿಗಳು ಇನ್ನೂ ಅಂಟಿಕೊಂಡಿದ್ದವು. ಅಲ್ಲಿ ತಯಾರಾಗುತ್ತಿದ್ದ ಆಟದಲ್ಲಿ ಎರಡು ಬಣ. ಮೇಲಿನಿಂದ ರೆಕ್ಕೆಯ ದೇವದೂತರು, ಕೆಳಗಿನಿಂದ ಕೊಂಬಿನ ರಾಕ್ಷಸರು. ನಡುವೆ ಒಂದು ಸೇತುವೆ, ಅದರಾಚೆಗೊಂದು ಈಚೆಗೊಂದು ಕೋಟೆ. ಆಡುವ ಇಬ್ಬರೂ ಒಂದೊಂದು ಬಣ ಹಿಡಿದು, ಸೈನ್ಯ ಕಟ್ಟಿ, ಎದುರಾಳಿಯ ಕೋಟೆಗೆ ನುಗ್ಗಬೇಕು. ಯಾವ ಬಣ ಹಿಡಿದರೂ ಗೆಲ್ಲುವ ಅವಕಾಶ ಒಂದೇ ಆಗಿರುವಂತೆ ನೋಡಿಕೊಳ್ಳುವುದು ತಕ್ಕಡಿಯ ಕೆಲಸ. ಈ ಕತ್ತಿಯನ್ನು ಒಂದಿಷ್ಟು ಉದ್ದ ಮಾಡು, ಆ ಬೆಂಕಿಯನ್ನು ಒಂದಿಷ್ಟು ತಣ್ಣಗಾಗಿಸು, ಮತ್ತೆ ಆಡಿಸು, ಮತ್ತೆ ನೋಡು. ಸಮ ಮಾಡುವುದೇ ಸಂಬಳ, ಸಮ ಮಾಡುವುದೇ ಸಮಸ್ಯೆ.

ಅವಳ ಬಲಕ್ಕೆ ದೇವದೂತರನ್ನು ಬರೆಯುವ ಚಿತ್ರಗಾರ ಕೂರುತ್ತಿದ್ದ. ಮೂಗಿನ ತುದಿಯಲ್ಲೇ ಕೋಪ. ಪೆನ್ಸಿಲ್ ಮುರಿದರೆ ಪೆನ್ಸಿಲ್ ಮಾಡಿದವನ ವಂಶವನ್ನೆಲ್ಲ ಬೈಯುತ್ತಿದ್ದ. ಎಡಕ್ಕೆ ರಾಕ್ಷಸರನ್ನು ಬರೆಯುವ ಚಿತ್ರಗಾರ್ತಿ. ಕಿಟಕಿಗೆ ಬಂದ ಜೇಡವನ್ನು ಕಾಗದದ ಮೇಲೆ ಹತ್ತಿಸಿಕೊಂಡು, "ಹೋಗಪ್ಪ, ಜೋಪಾನ" ಎಂದು ಆಚೆ ಬಿಟ್ಟುಬರುವ ಜೀವ. ಇಬ್ಬರ ವಕಾಲತ್ತನ್ನೂ ತಕ್ಕಡಿ ದಿನವಿಡೀ ಕೇಳಬೇಕಿತ್ತು.

"ನನ್ನ ಹುಡುಗರು ಇವತ್ತೂ ಸೋತರು ಮೇಡಂ! ಇವರ ಕಡೆಯವರಿಗೇನು ಎರಡು ಕೊಂಬಾ?" ಎಂದು ಚಿತ್ರಗಾರ ಮೇಜು ಗುದ್ದುತ್ತಿದ್ದ.

"ಹೌದು ಸರ್, ಎರಡೇ. ಮೂರು ಬರೆದ್ರೆ ಶಿರಸ್ತ್ರಾಣ ಕೂರಲ್ಲ" ಎನ್ನುತ್ತಿದ್ದಳು ಚಿತ್ರಗಾರ್ತಿ, ತಣ್ಣಗೆ.

"ನಮ್ಮೋರಿಗೆ ಪುಕ್ಕ ಇದೆ ಅಂತ ಪುಕ್ಕಲರು ಅಂದ್ಕೊಂಡ್ರಾ?"

"ನಾನೇನೂ ಅಂದಿಲ್ಲ ಸರ್. ಸ್ಕೋರ್ ಅಂತಿದೆ."

ಸ್ಕೋರ್ ನಿಜವಾಗಿಯೂ ಹಾಗೇ ಅನ್ನುತ್ತಿತ್ತು. ಮನುಷ್ಯರು ಆಡಿದಾಗಲೆಲ್ಲ ದೇವದೂತರು ಸೋಲುತ್ತಿದ್ದರು. ತಕ್ಕಡಿ ಅವರ ಕತ್ತಿ ಉದ್ದ ಮಾಡಿದಳು, ಕವಚ ದಪ್ಪ ಮಾಡಿದಳು. ಆದರೂ ಸೋತರು. ಅದೇ ಆಟವನ್ನು ಕಂಪ್ಯೂಟರ್ ತನ್ನ ಜೊತೆ ತಾನೇ ಆಡಿಕೊಂಡರೆ ಮಾತ್ರ ದೇವದೂತರು ರಾಕ್ಷಸರನ್ನು ಕಣ್ಣುಮುಚ್ಚಿ ತೆರೆಯುವುದರೊಳಗೆ ಗುಡಿಸಿ ಹಾಕುತ್ತಿದ್ದರು. ಯಂತ್ರದ ಕೈಯಲ್ಲಿ ಹುಲಿ, ಮನುಷ್ಯರ ಕೈಯಲ್ಲಿ ಇಲಿ. ಇದೇಕೆ ಹೀಗೆ ಎಂದು ಯಾರಿಗೂ ತಿಳಿಯಲಿಲ್ಲ.

ಕೊನೆಗೆ ಆಫೀಸಿನ ಯಜಮಾನರು ತಕ್ಕಡಿಯನ್ನು ಕರೆದರು. ಆಟಗಳನ್ನು ಕೊಂಡು ಮಾರುವ ಕಂಪನಿಯ ಮೇಡಂ ಒಬ್ಬರು ಮುಂದಿನ ವಾರ ಬಂದು ತಾವೇ ಆಡಿ ನೋಡುವವರಿದ್ದರು.

"ಅಷ್ಟರೊಳಗೆ ಎರಡು ಬಣ ಸಮ ಆಗದಿದ್ರೆ ದೇವದೂತರನ್ನ ತೆಗೆದುಹಾಕ್ತೀನಮ್ಮ. ಬರೀ ರಾಕ್ಷಸರ ಆಟ ಅಂತಲೇ ಮಾರ್ತೀನಿ."

"ಚಿತ್ರಗಾರರ ಕೆಲಸ, ಸರ್?"

ಯಜಮಾನರು ಕಪಾಟಿನ ಸೈಜಿನ ಚೀಟಿ ನೋಡತೊಡಗಿದರು. "ಒಂದೇ ಬಣ ಇದ್ಮೇಲೆ ತಕ್ಕಡಿನೂ ಬೇಕಾಗಲ್ಲವಲ್ಲಮ್ಮ" ಎಂದರು, ಆದಷ್ಟು ಮೆತ್ತಗೆ.

ಭಾನುವಾರ ಮಧ್ಯಾಹ್ನ ನಾವೆಲ್ಲ ಮಾವನ ಮನೆಯಲ್ಲಿದ್ದಾಗ ಅವಳು ಆಫೀಸಿನಿಂದ ಎರಡು ಲ್ಯಾಪ್‌ಟಾಪ್ ಹೊತ್ತು ತಂದಳು. ಆಫೀಸಿನವರಿಗೆ ಆಟದ ಒಳಗುಟ್ಟೆಲ್ಲ ಗೊತ್ತು, ಏನೂ ಗೊತ್ತಿಲ್ಲದವರು ಆಡುವುದನ್ನು ನೋಡಬೇಕು ಎಂದಳು. ಏನೂ ಗೊತ್ತಿಲ್ಲದವರೆಂದು ಅವಳಿಗೆ ಮೊದಲು ನೆನಪಾದದ್ದು ನಾವು! ಊಟದ ಮೇಜಿನ ಒಂದು ಕಡೆ ಮಾವ, ಇನ್ನೊಂದು ಕಡೆ ಅತ್ತೆ, ಒಬ್ಬರದನ್ನೊಬ್ಬರು ಇಣುಕದಂತೆ ನಡುವೆ ಒಗೆದ ಬಟ್ಟೆಯ ಬುಟ್ಟಿ.

ಮಾವ ಎಂದರೆ ಬಾಗಿಲನ್ನೂ ಶಬ್ದವಾಗದಂತೆ ಮುಚ್ಚುವ ಮನುಷ್ಯ. ರಾಕ್ಷಸರನ್ನು ಕೈಗೆ ಕೊಟ್ಟದ್ದೇ ತಡ, ಬಾಲ ಬಿಚ್ಚಿದರು. ಸೇತುವೆ ಸುಟ್ಟರು. ಅತ್ತೆಯ ದೇವದೂತರ ಆಸ್ಪತ್ರೆ ಸುಟ್ಟರು. "ಹಾ! ಹಾ!" ಎಂದು ಕುರ್ಚಿಯಲ್ಲೇ ಕುಣಿದರು.

"ಆಸ್ಪತ್ರೇನ ಯಾರಾದ್ರೂ ಸುಡ್ತಾರೇನ್ರೀ? ನಾಚಿಕೆ ಆಗಲ್ವಾ?" ಎಂದರು ಅತ್ತೆ.

"ನಾನು ರಾಕ್ಷಸ ಕಣೇ. ನಾಚಿಕೊಂಡ್ರೆ ಕೆಲಸ ಹೋಗುತ್ತೆ."

ತಕ್ಕಡಿ ಅಮ್ಮನ ಬೆನ್ನ ಹಿಂದೆ ನಿಂತಿದ್ದಳು. ಅತ್ತೆಯ ಸೈನ್ಯ ಮೊದಲು ಕೈ ಎತ್ತುತ್ತಿರಲಿಲ್ಲ. ಎದುರಿಗೆ ರಾಕ್ಷಸ ಬಂದರೆ ಅತ್ತೆ ಪರದೆಗೆ, "ಸ್ವಲ್ಪ ಪಕ್ಕಕ್ಕೆ ಸರಿಯಪ್ಪ" ಎನ್ನುತ್ತಿದ್ದರು. ಸೆರೆಸಿಕ್ಕವನ ಗಾಯಕ್ಕೆ ಮದ್ದು ಹಾಕಿಸಿ ಮನೆಗೆ ಕಳಿಸುತ್ತಿದ್ದರು.

"ಅಮ್ಮಾ, ಯಾಕೆ ಬಿಟ್ಟೆ ಅವನನ್ನ? ನಾಳೆ ಅವನೇ ಬಂದು ನಿನ್ನನ್ನ ಹೊಡೀತಾನೆ."

"ಬಿಳಿ ಬಟ್ಟೆ ಹಾಕಿಸಿ, ಬೆನ್ನಿಗೆ ರೆಕ್ಕೆ ಕಟ್ಟಿ ಕೂರಿಸಿದ್ದೀಯಲ್ಲೇ. ಕೊಂದ್ರೆ ನೋಡಿದೋರು ಏನಂದಾರು?"

ತಕ್ಕಡಿ ನನ್ನ ತೋಳನ್ನು ಎಷ್ಟು ಜೋರಾಗಿ ಹಿಡಿದಳೆಂದರೆ ಗುರುತು ಉಳಿಯಿತು. "ಭಾವ, ಎಲ್ಲರೂ ಹೀಗೇ ಆಡ್ತಾರೆ! ಆಫೀಸಲ್ಲೂ ಹೀಗೇ. ರೆಕ್ಕೆ ಬಂದ ತಕ್ಷಣ ಮರ್ಯಾದೆ ಬಂದ್ಬಿಡುತ್ತೆ. ಯಂತ್ರಕ್ಕೆ ಮರ್ಯಾದೆ ಇಲ್ಲ, ಅದಕ್ಕೇ ಅದು ಗೆಲ್ಲುತ್ತೆ. ನಾನು ಇಷ್ಟು ದಿನ ಕತ್ತಿ ಉದ್ದ ಮಾಡ್ತಾ ಕೂತಿದ್ದೆನಲ್ಲ! ಬೀಸದ ಕತ್ತಿ ಉದ್ದ ಇದ್ದರೇನು, ಗಿಡ್ಡ ಇದ್ದರೇನು?"

ಮರುದಿನ ಅವಳು ಕತ್ತಿಯನ್ನು ಹಳೆಯ ಅಳತೆಗೆ ಇಳಿಸಿದಳು. ಚಿತ್ರಗಾರನ ಬೈಗುಳ ಕೆಳಗಿನ ಅಂಗಡಿಯ ಗಿರಾಕಿಗಳಿಗೂ ಕೇಳಿಸಿತು. ಅದರ ಬದಲು ಒಂದು ಹೊಸ ನಿಯಮ ಸೇರಿಸಿದಳು. ದೇವದೂತರು ಮದ್ದು ಹಾಕಿ ಬಿಟ್ಟ ರಾಕ್ಷಸ ಆ ಉಪಕಾರ ಮರೆಯುವುದಿಲ್ಲ. ಅವನನ್ನು ಮುಂದೆ ಕೋಟೆಯ ಕಾವಲಿಗೆ ಹಾಕಿದರೆ, ದೇವದೂತರು ಬಂದಾಗ ಒಳಗಿನಿಂದ ಬಾಗಿಲು ತೆರೆಯುತ್ತಾನೆ. ಅಂದರೆ ಒಳ್ಳೆಯತನಕ್ಕೂ ಒಂದು ಬೆಲೆ ಬಂತು. ಆ ಬೆಲೆ ಹೆಚ್ಚಾಯಿತೋ ಕಡಿಮೆಯಾಯಿತೋ ನೋಡಲು ಸಮಯ ಸಾಲಲಿಲ್ಲ.

ಕಂಪನಿಯ ಮೇಡಂ ಬರುವ ದಿನ ತಕ್ಕಡಿ ಗಾಬರಿಯಲ್ಲಿ ಊಟದ ಡಬ್ಬಿ ಮರೆತು ಹೋದಳು. ಅತ್ತೆ ಅದನ್ನು ಹಿಡಿದು ನನ್ನನ್ನೂ ಹೊರಡಿಸಿದರು. ನಾವು ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟಾಗ ಆ ಮೇಡಂ ಕೂದಲನ್ನು ಬಿಗಿಯಾಗಿ, ತುಟಿಯನ್ನು ಅದಕ್ಕಿಂತ ಬಿಗಿಯಾಗಿ ಕಟ್ಟಿ ಕೂತಿದ್ದರು.

"ನಿಮ್ಮ ಆಫೀಸಿನವರ ಜೊತೆ ನಾನು ಆಡಲ್ಲ. ಬೇಕಂತಲೇ ಸೋಲ್ತೀರಿ" ಎನ್ನುತ್ತಿದ್ದರು ಯಜಮಾನರಿಗೆ. "ಹೊರಗಿನವರು ಯಾರೂ ಇಲ್ವಾ?"

ಎಲ್ಲರೂ ಬಾಗಿಲ ಕಡೆ ತಿರುಗಿದರು. ಅತ್ತೆ ಡಬ್ಬಿಯನ್ನು ನನ್ನ ಕೈಗಿಟ್ಟು, "ನನಗೆ ಸ್ವಲ್ಪ ಬರುತ್ತೆ" ಎಂದರು.

ಮೊದಲ ಆಟದಲ್ಲಿ ಮೇಡಂ ರಾಕ್ಷಸರನ್ನು ಹಿಡಿದರು. ಸೇತುವೆ ಹೋಯಿತು, ಆಸ್ಪತ್ರೆ ಹೋಯಿತು. ಅತ್ತೆ ಎಂದಿನಂತೆ ಸೆರೆಯಾಳುಗಳಿಗೆ ಮದ್ದು ಹಾಕಿಸಿ ಕಳಿಸುತ್ತಲೇ ಇದ್ದರು. "ಬಿಟ್ಟೇಬಿಟ್ರಾ?" ಎಂದು ಮೇಡಂ ನಕ್ಕು, ಅವರನ್ನೆಲ್ಲ ಮತ್ತೆ ಕಾವಲಿಗೆ ನಿಲ್ಲಿಸಿದರು. ಇನ್ನೇನು ದೇವದೂತರ ಬಿಳಿ ಕೋಟೆ ಬಿತ್ತು ಅನ್ನುವಾಗ ರಾಕ್ಷಸರ ಕಪ್ಪು ಕೋಟೆಯ ಬಾಗಿಲು ಒಳಗಿನಿಂದ ತೆರೆದುಕೊಂಡಿತು. ಅತ್ತೆ ಗೆದ್ದರು. ಚಿತ್ರಗಾರ ಸಂತೋಷಕ್ಕೂ ಬೈದ.

"ಈಗ ಬದಲಾಯಿಸೋಣ. ನಾನು ದೇವದೂತರು" ಎಂದರು ಮೇಡಂ.

ತಕ್ಕಡಿಯ ಮುಖ ಬಿಳಿಚಿಕೊಂಡಿತು. ದೇವದೂತರು ಮತ್ತೆ ಗೆದ್ದರೆ ತಕ್ಕಡಿ ಅವರ ಕಡೆಗೆ ವಾಲಿತೆಂದೇ ಅರ್ಥ. ಇರುವೆಗೂ ದಾರಿ ಬಿಡುವ ಅಮ್ಮ ರಾಕ್ಷಸರನ್ನು ಹಿಡಿದು ಗೆಲ್ಲುವುದುಂಟೆ?

ಅತ್ತೆ ಕನ್ನಡಕ ಒರೆಸಿಕೊಂಡು ಕೇಳಿದರು: "ಈಗ ನಾನು ಒಳ್ಳೆಯವಳಾಗಿ ಇರಬೇಕಾಗಿಲ್ಲ, ಅಲ್ವೇನೇ?"

"ಇಲ್ಲಮ್ಮ."

"ಸರಿ" ಎಂದವರೇ ಮೊದಲು ಆಸ್ಪತ್ರೆಗೆ ಬೆಂಕಿಯಿಟ್ಟರು.

ಆ ಬಿಗಿದ ತುಟಿಯ ಮೇಡಂಗೆ ರೆಕ್ಕೆ ಬಂದದ್ದೇ ತಡ, ಅವರ ಕೈಯೂ ಮೆತ್ತಗಾಯಿತು. ಸೆರೆಯಾಳುಗಳಿಗೆ ಮದ್ದು ಹಾಕಿಸಿದರು, ಬಿಟ್ಟರು. ಈ ಸಲ ನಕ್ಕವರು ಅತ್ತೆ. ಹಿಂದಿರುಗಿದ ಒಬ್ಬೊಬ್ಬನನ್ನೂ ಬಾಗಿಲಿನಿಂದ ದೂರ, ಬಾವಿ ಕಾಯಲು ಅಟ್ಟಿದರು. "ಉಂಡ ಮನೆ ನೆನಪಿರೋರನ್ನ ಬಾಗಿಲಲ್ಲಿ ನಿಲ್ಲಿಸಬಾರದು" ಎಂದು ಪರದೆಗೆ ಗುಟ್ಟಾಗಿ ಹೇಳಿದರು. ಆದರೂ ದೇವದೂತರು ಸುಲಭಕ್ಕೆ ಬಗ್ಗಲಿಲ್ಲ. ಒಂದು ಸಲ ಕಪ್ಪು ಕೋಟೆಯ ಮೆಟ್ಟಿಲವರೆಗೂ ಬಂದರು. ಕೂದಲೆಳೆಯಲ್ಲಿ ಅತ್ತೆ ಗೆದ್ದರು. ಚಿತ್ರಗಾರ್ತಿ ಕುರ್ಚಿಯ ಮೇಲೆ ನಿಂತು ಕೇಕೆ ಹಾಕಿದಳು.

ಮೇಡಂ ಎರಡೂ ಆಟವನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಆಡಿದಂತೆ ಕಂಡಿತು.

"ಬಣಗಳು ಸಮ ಇವೆ" ಎಂದರು ಕೊನೆಗೆ. "ಆಡೋರೇ ಸಮ ಇಲ್ಲ. ತಗೋತೀನಿ, ಎರಡೂ ಬಣ ಸೇರಿಸಿ."

ತಕ್ಕಡಿ ಕುರ್ಚಿಗೆ ಕುಸಿದು ಡಬ್ಬಿ ತೆರೆದಳು. ಅವಳ ಊಟವನ್ನು ಚಿತ್ರಗಾರನೂ ಚಿತ್ರಗಾರ್ತಿಯೂ ಎರಡು ಕಡೆಯಿಂದ ಕೈಹಾಕಿ ಮುಗಿಸಿದರು. ಯಾರು ಎಷ್ಟು ತಿಂದರೆಂದು ಅವಳು ನೋಡಲೇ ಇಲ್ಲ.

ಸುದ್ದಿ ಕೇಳಿದ ಮಾವ ಅತ್ತೆಯನ್ನು ಅಡಿಯಿಂದ ಮುಡಿಯವರೆಗೆ ಹೊಸದಾಗಿ ನೋಡಿದರು. "ಇಷ್ಟು ವರ್ಷ ನಾನು ಬರೀ ಒಂದು ಬಣದ ಜೊತೆ ಸಂಸಾರ ಮಾಡ್ತಿದ್ದೀನಿ ಅಂದ್ಕೊಂಡಿದ್ದೆ ಕಣೋ ಅಳಿಯ" ಎಂದು ನನ್ನ ಕಿವಿಯಲ್ಲಿ ಉಸುರಿದರು.

ಮರುಭಾನುವಾರ ಮತ್ತೆ ಮೇಜು, ಮತ್ತೆ ಬಟ್ಟೆಯ ಬುಟ್ಟಿ. ಗಂಡಹೆಂಡಿರ ಪಂದ್ಯ ಶುರುವಾಗುವ ಮುನ್ನ ತಕ್ಕಡಿ ಹಣ್ಣಿನ ರಸ ತಂದು, ಹಳೆಯ ಅಭ್ಯಾಸದಂತೆ ಮಂಡಿಯೂರಿ, ಒಂದು ಕಣ್ಣು ಮುಚ್ಚಿದಳು. ಮಟ್ಟ ನೋಡಿ ಮುಗಿಯುವ ಮೊದಲೇ ಅತ್ತೆ ಕೈಚಾಚಿ, ತುಸು ಹೆಚ್ಚು ತುಂಬಿದ್ದ ಲೋಟವನ್ನು ಎತ್ತಿಕೊಂಡು ಕುಡಿದುಬಿಟ್ಟರು.

"ಅಮ್ಮಾ!"

"ಇವತ್ತು ನಾನು ಕೊಂಬಿನ ಕಡೆ" ಎಂದರು ಅತ್ತೆ, ಬಾಯಿ ಒರೆಸಿಕೊಳ್ಳುತ್ತ.