ನೀಲಪ್ಪ ತೆಗೆಯದ ಹಗೇವು

ಧಾರವಾಡ ಸೀಮೆಯಲ್ಲಿ ನೀಲಪ್ಪನಷ್ಟು ಗಟ್ಟಿ ಗುಂಡಿಗೆಯ ಗಂಡಸು ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಇಲ್ಲ. ಇದನ್ನು ಹೇಳಿದವನು ನೀಲಪ್ಪನೇ. ಆದರೆ ಅಲ್ಲಗಳೆದವರು ಯಾರೂ ಇರಲಿಲ್ಲ. ಅವನು ಹಗೇವಿಗೆ ಇಳಿದರೆ ಒಳಗಿನ ಕತ್ತಲು "ನೀವು ಕುಂದರ್ರಿ ಕಾಕಾ, ನಾ ಹೊರಗ ನಿಂದರತೇನಿ" ಎಂದು ಎದ್ದು ಬರುತ್ತಿತ್ತಂತೆ. ಹೆಬ್ಬಳ್ಳಿ ದಾಟಿ ಒಳಗೆ ಹೋದರೆ ಸಿಗುವ ಅವನ ಸಣ್ಣ ಊರಿನಲ್ಲಿ ಅಳುವ ಕೂಸಿಗೆ ಗುಮ್ಮ ಬಂತು ಎನ್ನುವುದಿಲ್ಲ; ಗುಮ್ಮನೇ ಅತ್ತರೆ ನೀಲಪ್ಪ ಬಂದ ಎನ್ನುತ್ತಾರೆ.

ಹಗೇವು ಅಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಮೇಲೆ ಒಬ್ಬ ಮನುಷ್ಯ ತೂರುವಷ್ಟು ಬಾಯಿ, ಕೆಳಗೆ ಎರಡಾಳು ಆಳದ ಹೊಟ್ಟೆ. ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಎಳೆದರೆ ಕಳ್ಳನಿಗೂ ಇಲಿಗೂ ಗೊತ್ತಾಗುವುದಿಲ್ಲ. ಆದರೆ ಒಳಗೆ ಕೆಟ್ಟ ಗಾಳಿ ಕೂತಿರುತ್ತದೆ. ಬಾಯಿ ತೆಗೆದು ಒಂದು ದಿನ ಬಿಡಬೇಕು, ಹಗ್ಗ ಕಟ್ಟಿ ದೀಪ ಇಳಿಸಬೇಕು. ದೀಪ ಉಳಿದರೆ ಮನುಷ್ಯ ಉಳಿದಾನು. ಮತ್ತೆ, ಒಬ್ಬನೇ ಎಂದೂ ಇಳಿಯಬಾರದು. ಈ ಪಾಠವನ್ನು ನೀಲಪ್ಪ ಎಷ್ಟು ಸಲ ಹೇಳಿದ್ದನೆಂದರೆ ಊರಿನ ಎಮ್ಮೆಗಳಿಗೂ ಬಾಯಿಪಾಠವಾಗಿತ್ತು. ಈಗ ಹಗೇವಿನಲ್ಲಿ ಜೋಳ ಇಡುವವರಿಲ್ಲ. ಮನೆ ಕಟ್ಟುವವರು ಹಳೆಯದನ್ನು ತೆಗೆಸಿ ಮಣ್ಣು ತುಂಬಿಸುತ್ತಾರೆ, ಅದಕ್ಕೂ ನೀಲಪ್ಪನೇ ಬೇಕು. ಸುತ್ತ ಹತ್ತು ಊರಿನ ಹಗೇವು ತೆಗೆದಿದ್ದ. ತೆಗೆಯದೆ ಉಳಿದದ್ದು ಒಂದೇ: ತನ್ನ ಮನೆಯ ಮುಂದಿನದು.

"ಅದರಾಗ ಸರ್ಪ ಐತ್ರಿ" ಎನ್ನುತ್ತಿದ್ದ. ಮೊದಲ ವರ್ಷ ಅದು ಮಾರುದ್ದ ಇತ್ತು. ಕೇಳಿದವರಿಗೆಲ್ಲ ಒಂದೊಂದು ಗೇಣು ಬೆಳೆಸುತ್ತ ಹೋಗಿ, ಈಚೆಗೆ ಹೆಡೆ ಇಲ್ಲಿದ್ದರೆ ಬಾಲ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಬಳೆ ಅಂಗಡಿ ನೋಡುತ್ತಿತ್ತು.

ಒಳಗೆ ಏನಿದೆ ಎಂದು ಅವನಿಗೆ ಗೊತ್ತಿತ್ತು. ಅಥವಾ ಗೊತ್ತಿದೆ ಎಂದುಕೊಂಡಿದ್ದ.

ಎಪ್ಪತ್ತೊಂಬತ್ತನೇ ಇಸವಿಯ ಶ್ರಾವಣ. ಊರಿನ ದೊಡ್ಡ ಹೊಲದ ಧಣಿ ಹನುಮಂತಪ್ಪ ಬೆಳಿಗ್ಗೆ ಹೆಸರುಕಾಳಿನ ಹೊಲಕ್ಕೆ ಹೋದವನು ಬದುವಿನ ಮೇಲೆ ಸತ್ತು ಬಿದ್ದಿದ್ದ. ಕುತ್ತಿಗೆಗೆ ಒಂದೇ ಪೆಟ್ಟು, ಕೊಡಲಿಯದು. ಗೇಣಿ ಹೊಲ ಬಿಡಿಸಿಕೊಂಡನೆಂದು ಅರ್ಧ ಊರಿಗೆ ಅವನ ಮೇಲೆ ಸಿಟ್ಟಿತ್ತು. ಉಳಿದರ್ಧಕ್ಕೆ ಕಾರಣವಿಲ್ಲದೆಯೂ ಇತ್ತು. ನೀಲಪ್ಪನ ಅಪ್ಪ ಅವನ ಜೊತೆ ಹಿಂದಿನ ವಾರವಷ್ಟೇ ಕಟ್ಟೆಯ ಮೇಲೆ ಜಗಳ ತೆಗೆದಿದ್ದ. ಕೊಲೆಯಾದ ಎರಡನೆಯ ದಿನ ಸುರಿಯುವ ಮಳೆಯಲ್ಲಿ ಅಪ್ಪ ಮನೆ ಮುಂದಿನ ಖಾಲಿ ಹಗೇವು ತೆಗೆದ. ಮಳೆಗಾಲದಲ್ಲಿ ಹಗೇವಿನ ಬಾಯಿ ಬಿಚ್ಚುವವನು ಒಂದೋ ಹುಚ್ಚ, ಒಂದೋ ಏನನ್ನೋ ಮುಚ್ಚಿಡುವವನು. ಕಂಬಳಿಯಲ್ಲಿ ಸುತ್ತಿದ್ದು ಏನೋ ಒಳಗೆ ಬಿತ್ತು. ಬಾಗಿಲ ಸಂದಿಯಿಂದ ಹದಿಮೂರರ ನೀಲಪ್ಪ ನೋಡಿದ. ಅಪ್ಪ ಚಪ್ಪಡಿ ಎಳೆದು, ಹೊರಳಿ ಅವನನ್ನು ಕಂಡು, "ಇದನ್ನ ತಗಿಬ್ಯಾಡ" ಎಂದಷ್ಟೇ ಅಂದ. ಸಾಯುವಾಗಲೂ ಅದನ್ನೇ ಅಂದ. ಕೊಂದವರು ಯಾರೆಂದು ಇಂದಿಗೂ ಗೊತ್ತಾಗಲಿಲ್ಲ.

ಅಲ್ಲಿಂದ ಗಟ್ಟಿ ಗುಂಡಿಗೆಯ ನೀಲಪ್ಪ ಬದುಕಿದ್ದು ಹೀಗೆ: ಪೊಲೀಸ್ ಜೀಪು ಊರಿಗೆ ಬಂದರೆ ಮೂರು ದಿನ ಹೊಟ್ಟೆನೋವು. ಖಾಕಿ ಅಂಗಿಯ ಬಸ್ ಕಂಡಕ್ಟರ್ ಎದುರಾದರೂ ಟಿಕೆಟಿಗೆ ಮೊದಲು ಎರಡೂ ಕೈ ಮುಗಿಯುತ್ತಿದ್ದ. ಕೊಲೆಯಾದ ಹನುಮಂತಪ್ಪನ ಮಗಳು ರಾಜೇಶ್ವರಿ ಅಕ್ಕೋರು ಸಾಲಿಯ ಟೀಚರ್ ನೌಕರಿ ಮುಗಿಸಿ ಹೋದ ವರ್ಷ ಧಾರವಾಡದಿಂದ ಬಂದು ಎದುರಿನ ತಮ್ಮ ಹಳೆಯ ಮನೆಯಲ್ಲೇ ಇಳಿದರು. ಅಪ್ಪ ಸತ್ತ ತಿಂಗಳೇ ಹದಿನಾಲ್ಕರ ಹುಡುಗಿಯನ್ನು ಸೋದರಮಾವ ಊರು ಬಿಡಿಸಿ ಕರೆದೊಯ್ದಿದ್ದ. ಈಗ ಬಂದವರೇ ಊರಿನ ಹಳಬರನ್ನು ಒಬ್ಬೊಬ್ಬರನ್ನಾಗಿ ಕೇಳಿದರು: "ನಮ್ಮಪ್ಪನ್ನ ಹೊಡದವರು ಯಾರು? ಶಿಕ್ಷಾ ಕೊಡಸಾಕಲ್ಲ. ಸಾಯೂದ್ರಾಗ ಗೊತ್ತಾಗಬೇಕು, ಅಷ್ಟ." ಎಲ್ಲರೂ ಚಹಾ ಕೊಟ್ಟರು, ಯಾರೂ ಉತ್ತರ ಕೊಡಲಿಲ್ಲ. ನೀಲಪ್ಪನನ್ನು ಕೇಳಿದಾಗ ಅವನು ಸರ್ಪಕ್ಕೆ ಇನ್ನೊಂದು ಗೇಣು ಬೆಳೆಸಿದ.

ಒಂದು ಶುಕ್ರವಾರ ಪಂಚಾಯ್ತಿ ಮೆಂಬರ ಪ್ರಸಾದ ಬೈಕಿನಿಂದ ಇಳಿಯದೆಯೇ ಕೂಗಿದ. "ಕಾಕಾ, ಸೋಮವಾರ ಜೆಸಿಬಿ ಬರತೈತಿ. ನೀರಿನ ಪೈಪು ನಿಮ್ಮ ಹಗೇವಿನ ಮ್ಯಾಲೇ ಹೊಕ್ಕೈತಿ. ನಿಮ್ಮ ಸರ್ಪಕ್ಕ ಬ್ಯಾರೆ ಮನಿ ನೋಡಾಕ ಹೇಳ್ರಿ."

ಊರೆಲ್ಲ ನಿಂತು ನೋಡುವಾಗ, ರಾಜೇಶ್ವರಿ ಅಕ್ಕೋರ ಕಣ್ಣೆದುರಿಗೇ, ಜೆಸಿಬಿಯ ಹಲ್ಲಿಗೆ ಸಿಕ್ಕು ಅದು ಮೇಲೆ ಬರುತ್ತದೆ. ಸತ್ತ ಅಪ್ಪನಿಗೆ ಕೊಲೆಗಾರ ಎಂಬ ಹೆಸರು ಬರುತ್ತದೆ. ನೀಲಪ್ಪ ಮುರಿದ ರೊಟ್ಟಿಯನ್ನು ತಾಟಿಗೇ ವಾಪಸಿಟ್ಟ.

"ಯಾಕ, ಪಲ್ಯಾದಾಗ ಉಪ್ಪಿಲ್ಲೇನು?" ಎಂದಳು ಹೆಂಡತಿ ಈರವ್ವ.

"ಉಪ್ಪೈತಿ. ಜೀವಾ ಇಲ್ಲ."

"ಅದನ್ನ ನಾ ಲಗ್ನಾದ ದಿವಸ ನೋಡೇನಿ. ಉಣ್ಣು ಸುಮ್ನ."

ಭಾನುವಾರ ಊರ ಹೊರಗಿನ ಗುಡಿಯ ಮುಂದೆ ಲಗ್ನ. ನೆತ್ತಿಯ ಮೇಲೆ ಸೂರ್ಯ ಬಂದಾಗ ಮಂದಿಯೆಲ್ಲ ಊಟದ ಪಂಕ್ತಿಯಲ್ಲಿತ್ತು. ನೀಲಪ್ಪ ಒಬ್ಬನೇ ಹಾರೆ ಹಾಕಿ ಚಪ್ಪಡಿ ಮೀಟಿದ. ನಲವತ್ತಾರು ವರ್ಷದ ಉಸಿರು ಮುಖಕ್ಕೆ ಬಡಿಯಿತು. ಒಂದು ದಿನ ಬಿಡಲು ದಿನವಿರಲಿಲ್ಲ. ದೀಪ ಹಚ್ಚಲು ಕಡ್ಡಿ ಗೀರಿದ; ಅವಸರಕ್ಕೆ ಆರು ಕಡ್ಡಿ ಮುರಿದವು. ಹಾಳಾಗಲಿ ಎಂದು ನಿಚ್ಚಣಿಕೆ ಇಳಿಬಿಟ್ಟು, ಊರಿಗೆಲ್ಲ ಪಾಠ ಹೇಳಿದವನು ದೀಪವಿಲ್ಲದೆ, ಜೊತೆಗಾರನಿಲ್ಲದೆ ಇಳಿದ.

ಕತ್ತಲು ಈ ಸಲ ಎದ್ದು ಹೋಗಲಿಲ್ಲ. ಅಲ್ಲೇ ಕೂತು ಇವನನ್ನು ನೋಡಿತು. ಮೊಣಕಾಲೂರಿ ತಡಕಾಡಿದ. ಬೆರಳಿಗೆ ಮೊದಲು ಮಣ್ಣಾದ ಉಣ್ಣೆ, ಆಮೇಲೆ ತಣ್ಣನೆಯ ಕಬ್ಬಿಣ ಸಿಕ್ಕಿತು. ಎದೆ ಎಷ್ಟು ಜೋರಾಗಿ ಬಡಿಯಿತೆಂದರೆ ಲಗ್ನದ ಬಾಜಾ ಇಲ್ಲಿಗೇ ಬಂತೆಂದುಕೊಂಡ. ಏಳಲು ಹೋದರೆ ಕಾಲು ತನ್ನದಾಗಿರಲಿಲ್ಲ. ಮೇಲಿನ ಬೆಳಕಿನ ಬಾಯಿ ಬಿಲ್ಲೆಯಷ್ಟಾಯಿತು, ಗುಂಡಿಯಷ್ಟಾಯಿತು. "ಅವ್ವಾ" ಎಂದು ಕೂಗಿದ. ಸದ್ದು ಹಲ್ಲು ದಾಟಲಿಲ್ಲ.

ಅಂದು ಪಿತ್ತದ ತಲೆನೋವೆಂದು ಲಗ್ನಕ್ಕೆ ಹೋಗದೆ ಕಿಟಕಿಯಲ್ಲಿ ಕೂತಿದ್ದವರು ರಾಜೇಶ್ವರಿ ಅಕ್ಕೋರು. ಬಾಯಿ ತೆರೆದ ಹಗೇವು, ಪಕ್ಕದಲ್ಲಿ ಒಂದು ಜೊತೆ ಚಪ್ಪಲಿ, ಮನುಷ್ಯ ಇಲ್ಲ. ಅವರು ಹಾಕಿದ ಕೂಗಿಗೆ ಲಗ್ನದ ಪಂಕ್ತಿ ಎಲೆ ಬಿಟ್ಟು ಎದ್ದಿತು. ಪಕ್ಕದ ಮನೆಯ ಕಮ್ಮಾರಿಕೆಯ ಮಕ್ತುಮಸಾಬ ತನ್ನ ಕುಲುಮೆಯ ಗಾಳಿಯಂತ್ರ ಹೊತ್ತು ತಂದು, ಪೈಪು ಒಳಗಿಳಿಸಿ ಗಾಳಿ ಹೊಡೆದ. "ಏ ನೀಲ್ಯಾ! ಸಾಯಬ್ಯಾಡಲೇ, ಹಗ್ಗ ಕಟಗೋ!" ಅರೆಜೀವದ ನೀಲಪ್ಪ ಅಂತೂ ಹಗ್ಗ ಸುತ್ತಿಕೊಂಡ. ಆರು ಮಂದಿ ಎಳೆದು ತೆಗೆದರು. ಹಗ್ಗ ಹಿಡಿಯದ ಕೈಯಲ್ಲಿ ಅದು ಹಾಗೇ ಇತ್ತು.

ಮರದ ಕಾವು ಗೆದ್ದಲಿಗೆ ಹೋಗಿ ಬರೀ ತುಕ್ಕಿನ ಅಲಗು. ಕೊಡಲಿ.

ರಾಜೇಶ್ವರಿ ಅಕ್ಕೋರು ಅದನ್ನೇ ನೋಡುತ್ತ ನಿಂತರು. ನೀಲಪ್ಪ ಅವರ ಕಾಲ ಬಳಿ ಕುಸಿದ. "ಅಕ್ಕೋರ, ನಮ್ಮಪ್ಪ ಇದನ್ನ ಒಗಿಯೂದು ನಾ ನೋಡೇನ್ರಿ. ನೀವು ಮನಿಗೆ ಬಂದು ಕೇಳಿದಾಗ ಹೇಳೂ ಧೈರ್ಯ ಆಗಲಿಲ್ರಿ."

"ಯಾವತ್ತು ಒಗದಾ?"

"ಎರಡನೇ ದಿವಸ್ರಿ. ಮಳ್ಯಾಗ."

ಅಕ್ಕೋರು ತಮ್ಮ ಮನೆಯ ಕಟ್ಟೆಯ ಕಡೆ ತಿರುಗಿದರು. ಆಮೇಲೆ ನಿಧಾನಕ್ಕೆ, "ಆವತ್ತು ಪೊಲೀಸ್ ಫೌಜದಾರ ನಮ್ಮ ಕಟ್ಟಿ ಮ್ಯಾಲೇ ಕುಂತಿದ್ದ. ನಾಳೆ ಮನಿಮನಿ ಕೊಡ್ಲಿ ಜಪ್ತಿ ಮಾಡ್ರಿ, ರಗತದ ಕಲಿ ಇದ್ದ ಕೊಡ್ಲಿಯವನ್ನ ಒಳಗ ಹಾಕ್ರಿ ಅಂತ ಎಲ್ಲಾರ ಮುಂದ ಅಂದಿದ್ದ. ಮರುದಿನ ನೋಡಿದ್ರ ಇಡೀ ಊರಾಗ ಒಂದೂ ಕೊಡ್ಲಿ ಇಲ್ಲ! 'ನಿಮ್ಮೂರಾಗ ಕಟಗಿ ಹಲ್ಲಿಲೆ ಕಡೀತೀರೇನಲೇ' ಅಂತ ಒದರಾಡಿದ. ಅಪ್ಪ ಸತ್ತ ಮನ್ಯಾಗ ನನಗ ನಗು ಬಂದಿತ್ತು, ಅದಕ್ಕ ನೆನಪೈತಿ" ಎಂದರು.

ಮಕ್ತುಮಸಾಬನ ಕೈಯಿಂದ ಪೈಪು ಜಾರಿತು. "ಯಾ ಅಲ್ಲಾ. ನಮ್ಮಬ್ಬಾನ ಕೊಡ್ಲಿ ಅಡಗಿಮನಿ ಗ್ವಾಡ್ಯಾಗ ಐತ್ರಿ ಅಕ್ಕೋರ. ಅದು ಎಲ್ಲಿ ಹೊರಗ ಬರತೈತೋ ಅಂತ ಆ ಗ್ವಾಡಿಗೆ ಮೂರು ಸಲ ಸಿಮಿಟ್ ಗಿಲಾಯಿ ಮಾಡೇನಿ."

ಮುದುಕಿ ಚನ್ನಬಸವ್ವ ಸೆರಗು ಬಾಯಿಗಿಟ್ಟುಕೊಂಡಳು. "ನಮ್ಮ ಮಾವಂದು ಬಾವ್ಯಾಗ ಐತಿ. ನಾ ಆ ನೀರು ಇವತ್ತಿಗೂ ಕುಡಿಯಂಗಿಲ್ಲ."

ಹಿಂದಿನಿಂದ ಒಬ್ಬ ನಮ್ಮದು ಮಾಡಿನ ಸಂದ್ಯಾಗ ಅಂದ, ಇನ್ನೊಬ್ಬ ನಮ್ಮದು ತಿಪ್ಪ್ಯಾಗ ಅಂದ. ಹಿರಿಯರು ಹೆದರಿ ಮುಚ್ಚಿಟ್ಟು ಬಾಯಿ ಹೊಲಿದುಕೊಂಡು ಸತ್ತಿದ್ದರು. ಕಂಡ ಮಕ್ಕಳು ನಮ್ಮಪ್ಪನೇ ಎಂದುಕೊಂಡು, ಅಪ್ಪನ ಮಾನ ಕಾಯುತ್ತ ತಾವೂ ಮುದುಕರಾಗಿದ್ದರು.

"ನಾ ನಾಲ್ವತ್ತಾರು ವರ್ಷ ಒಬ್ಬ ಕೊಲೆಗಾರನ್ನ ಹುಡುಕಿದೆ" ಎಂದರು ಅಕ್ಕೋರು. "ನೀವು ಮನಿಗೊಬ್ಬನ್ನ ಇಟಗೊಂಡು ಕುಂತಿದ್ರಿ." ಅವರು ನೆರೆದವರ ಮುಖ ಒಂದೊಂದಾಗಿ ನೋಡಿದರು. "ಇಷ್ಟರಾಗ ಒಂದು ಕೊಡ್ಲಿ ಖರೇದು. ಯಾವದು ಅಂತ ಇನ್ನ ಆ ದೇವರೂ ಹೇಳಂಗಿಲ್ಲ."

ಆ ಮಾತಿಗೆ ಮಟಮಟ ಮಧ್ಯಾಹ್ನದಲ್ಲೂ ಜನ ಸ್ವಲ್ಪ ಸ್ವಲ್ಪವೇ ಒಬ್ಬರಿಂದೊಬ್ಬರು ದೂರ ಸರಿದು ನಿಂತರು. ಅಕ್ಕೋರು ಬಗ್ಗಿ ನೀಲಪ್ಪನ ಕೈಯಿಂದ ಅಲಗು ಬಿಡಿಸಿ ಕೆಳಗಿಟ್ಟು, "ಏಳೋ, ನೀರು ಕುಡಿ" ಎಂದರು.

ಪಂಚಾಯ್ತಿಯ ಪ್ರಸಾದನಿಗೆ ಮಾತ್ರ ತಡೆಯಲಾಗಲಿಲ್ಲ. ವಯಸ್ಸು ಮೂವತ್ತು, ಕೊಲೆ ಅವನಿಗೆ ಕಥೆ. "ಏನ್ ಕಾಕಾ, ಒಂದು ತುಕ್ಕು ಹಿಡದ ಕೊಡ್ಲಿಗೆ ಅಂಜಿ ಇಡೀ ಜಲ್ಮ ಕಳದ್ರೆಲ್ಲ! ನಾ ಆಗಿದ್ರ ಮರುದಿನಾನ ತಗದು ನೋಡ್ತಿದ್ದೆ" ಎಂದು ಹೊಟ್ಟೆ ಹಿಡಿದು ನಕ್ಕ.

ನೀಲಪ್ಪ ತಂಬಿಗೆ ಎತ್ತಿ ನೀರೆಲ್ಲ ಗಟಗಟ ಕುಡಿದು, ಮೀಸೆ ಒರೆಸಿಕೊಂಡು ಕೇಳಿದ:

"ಭಾಳ ಛಲೋ ಆತು ತಮ್ಮಾ. ನಿಮ್ಮಜ್ಜಂದು ಎಲ್ಲಿ ಐತಿ?"